ಗೇಣುದ್ದದ ಇಂಜಿನ್, ಹೆಬ್ಬೆರಳಷ್ಟು ಗುಮ್ಮಟ

ಹುಣಸೆಹಣ್ಣಿನ ನೀರಿನಲ್ಲಿ ಹಿತ್ತಾಳೆ ನೆನೆದರೆ ಒಂದು ವಾಸನೆ ಬರುತ್ತದೆ. ಪೂರ್ತಿ ಹುಳಿಯೂ ಅಲ್ಲ, ಪೂರ್ತಿ ಲೋಹದ್ದೂ ಅಲ್ಲ, ಎರಡರ ನಡುವಿನದು. ಮೊನ್ನೆ ಹಬ್ಬದ ಮುಂಚೆ ಮನೆಯ ದೀಪ, ತಂಬಿಗೆಗಳನ್ನೆಲ್ಲ ಬೋಗುಣಿಗೆ ಹಾಕಿ ಹುಣಸೆ ಹಿಂಡುತ್ತಿದ್ದೆ. ಆ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಬೆರಳುಗಳು ತಮ್ಮಷ್ಟಕ್ಕೆ ತಾವೇ ಬೋಗುಣಿಯ ತಳ ತಡಕತೊಡಗಿದವು. ಏನು ಹುಡುಕುತ್ತಿದ್ದೇನೆಂದು ಗೊತ್ತಾದಾಗ ಒಬ್ಬಳೇ ನಕ್ಕೆ. ಪುಣೆಯಲ್ಲಿ, ನಿಗಡಿಯ ಮಾಮಾನ ಮನೆಯಲ್ಲಿ ಕಳೆದ ಒಂದು ಮಳೆಗಾಲದಲ್ಲಿ ಅಂಟಿದ ಚಾಳಿ ಅದು.

ಆ ವರ್ಷ ತಳೇಗಾಂವದ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ತಯಾರಾದ ಬಿಡಿಭಾಗಗಳ ಅಳತೆ ಸರಿಯಿದೆಯೋ ಇಲ್ಲವೋ ನೋಡುವ ಕೆಲಸ. ಹುಟ್ಟಿದಾಗಿನಿಂದ ಎಲ್ಲದಕ್ಕೂ ಯಾಕೆ, ಹೇಗೆ ಎಂದು ಕೇಳಿ ಬೈಸಿಕೊಂಡವಳಿಗೆ ಅದಕ್ಕೇ ಸಂಬಳ ಕೊಡುತ್ತಾರೆಂದರೆ ಇನ್ನೇನು ಬೇಕು. ಪೇಯಿಂಗ್ ಗೆಸ್ಟ್ ಆಗಿ ಇರಲು ಮನೆ ಹುಡುಕುತ್ತೇನೆ ಎಂದಾಗ ಧಾರವಾಡದಿಂದ ಅವ್ವ ಫೋನಿನಲ್ಲೇ ಅಡ್ಡ ಬಂದಳು. "ಮಾಮಾನ ಮನಿ ಇರಲಿಕ್ಕ ಮಂದಿ ಮನಿ ಯಾಕ? ಅವರಿಬ್ಬರಿಗೂ ಮನ್ಯಾಗ ಒಂದು ಮಾತು ಕೇಳಸ್ತದ. ಈಗ ಅಲ್ಲಿ ಅದರದೇ ಕಡಿಮಿ ಆಗೇದ."

ಮಾಮಾ ಎಂದರೆ ಅವ್ವನ ಅಣ್ಣ. ಪ್ರೀತಿಯಿದ್ದಲ್ಲಿ ನಮ್ಮ ಕಡೆಯವರು ಬಹುವಚನ ಹಚ್ಚುವುದಿಲ್ಲ, ನಾನೂ ಹಚ್ಚುವುದಿಲ್ಲ. ಪಿಂಪರಿಯ ಒಂದು ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಡ್ರಾಫ್ಟ್ಸ್‌ಮನ್ ಆಗಿದ್ದವ. ಕಂಪ್ಯೂಟರ್ ಬರುವ ಮೊದಲು ಅವನ ಕೈಯ ಗೆರೆ ನೋಡಿಯೇ ಅಲ್ಲಿ ಯಂತ್ರಗಳು ತಯಾರಾಗುತ್ತಿದ್ದವು. ಆ ವರ್ಷ ಹೋಳಿ ಹುಣ್ಣಿಮೆ ಕಳೆದ ಮೇಲೆ ಅವನಿಗೆ ಲಕ್ವಾ ಹೊಡೆದಿತ್ತು. ಕಾಲು ಬೇಗ ಸರಿಹೋಯಿತು, ಮಾತೂ ತಿರುಗಿ ಬಂತು. ಬಲಗೈ ಮಾತ್ರ ಬರಲಿಲ್ಲ.

ನಾನು ಹೋದ ದಿನ ರಾತ್ರಿ ಊಟಕ್ಕೆ ಕೂತೆವು. ಮಾಮಿ ಒಂದು ತಾಟಿಗೆ ಬಡಿಸಿ ಅದನ್ನು ಮಾಮಾನ ಕೋಣೆಯಲ್ಲಿಟ್ಟು ಬಂದಳು. ಮಾಮಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಸುಮ್ಮನಿರುವವಳಲ್ಲ.

"ಮಾಮಾ ಯಾಕ ಒಳಗ ಊಟಾ ಮಾಡತಾನ?"

"ಎಡಗೈಲೆ ಉಣ್ಣೋದನ್ನ ಯಾರೂ ನೋಡಬಾರದಂತ," ಎಂದಳು ಮಾಮಿ.

"ಮತ್ತ ನೀ ತಿನಸಬಾರದೇನು?"

"ತಿನಸಲಿಕ್ಕೆ ಹೋಗಿದ್ದೆ. ತಾಟು ಸರಿಸಿಬಿಟ್ರು." ಅನ್ನದ ಪಾತ್ರೆ ಮುಚ್ಚುತ್ತ ಹೇಳಿದಳು, "ನನಗೂ ನೋಡಲಿಕ್ಕೆ ಆಗೂದಿಲ್ಲವಾ, ಸುಳ್ಳ್ಯಾಕ ಹೇಳಲಿ. ಎಡಗೈ ಬಾಯಿಗೆ ಹೋಗೋದು ಕಂಡ್ರ ಮಾರಿ ಆ ಕಡೆ ತಿರುಗಿಬಿಡತದ. ಸಣ್ಣಕ್ಕಿದ್ದಾಗಿಂದ ಹಂಗ ಬೆಳೆದೀವಿ."

ತಾಟು ಹೊರಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಹಾಗೇ ಇತ್ತು. ಅದು ಆ ದಿನದ ಮಾತಲ್ಲ, ದಿನಾಲೂ ಹಾಗೆಯೇ. ತಿನ್ನಲು ಬಾರದ್ದಕ್ಕಿಂತ ಬಾಗಿಲು ಹಾಕಿಕೊಂಡು ತಿನ್ನುವ ನಾಚಿಕೆಯೇ ಅವನ ಹಸಿವನ್ನು ಕೊಂದಿತ್ತು. ಅಂಗಿಯ ಕಾಲರಿನೊಳಗೆ ಇನ್ನೊಂದು ಕುತ್ತಿಗೆ ಹಿಡಿಸುವಷ್ಟು ಇಳಿದುಹೋಗಿದ್ದ. ಹೀಗೇ ಆದರೆ ಬಹಳ ದಿನ ಉಳಿಯುವ ಜೀವವಲ್ಲ ಎಂದು ಡಾಕ್ಟರು ಮಾಮಿಯನ್ನು ಹೊರಗೆ ಕರೆದು ಹೇಳಿದ್ದರಂತೆ. ಅದನ್ನು ನನಗೆ ಹೇಳುವಾಗ ಮಾಮಿ ಅಳಲಿಲ್ಲ, ಪಾತ್ರೆ ತೊಳೆಯುತ್ತಲೇ ಇದ್ದಳು.

ದೇವರ ಪೂಜೆಯನ್ನೂ ಮಾಮಾ ಬಿಟ್ಟಿದ್ದ. ಅಡುಗೆಮನೆಯ ಮೂಲೆಯಲ್ಲಿ ಕಟ್ಟಿಗೆಯ ಮಂಟಪ, ಅದರೊಳಗೆ ಅವನ ತಾಯಿಯಿಂದ ಬಂದ ದೇವರುಗಳ ದೊಡ್ಡ ಸಂಸಾರ. ಮದುವೆಯಾದಾಗಿನಿಂದ ಮಾಮಿ ಹೂವು, ಗಂಧ ತಯಾರು ಮಾಡಿ ಕೊಡುವುದು, ಮಾಮಾ ಕೂತು ಪೂಜೆ ಮಾಡುವುದು. ಈಗ ಎಲ್ಲ ಮಾಮಿಯ ಪಾಲಿಗೆ ಬಂದಿತ್ತು. ಮಾಮಾ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ತೀರ್ಥ ತಂದುಕೊಟ್ಟರೆ, "ಹಿಡೀಲಿಕ್ಕೆ ಕೈ ಎಲ್ಲದ?" ಎನ್ನುತ್ತಿದ್ದ. ವಾರಕ್ಕೆರಡು ಸಲ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಒಂದು ರಬ್ಬರಿನ ಚೆಂಡು ಕೊಟ್ಟು "ಕಾಕಾ, ಚೆಂಡೂ ದಾಬಾ" ಎಂದು, ಚೆಂಡು ಹಿಚುಕಿ ಅಂತ, ಮರಾಠಿಯಲ್ಲಿ ಮುದ್ದುಮಾಡುತ್ತಿದ್ದಳು. ಅವಳು ಲಿಫ್ಟ್ ಹತ್ತಿದ್ದೇ ಚೆಂಡು ಮಂಚದ ಕೆಳಗೆ.

ನನ್ನ ಸೂಟ್‌ಕೇಸಿಗೆ ಜಾಗ ಹುಡುಕುತ್ತ ಕಪಾಟಿನ ಮೇಲೆ ಕೈಯಾಡಿಸಿದಾಗ ಆ ಪೆಟ್ಟಿಗೆ ಸಿಕ್ಕಿತು. ಮುಚ್ಚಳದ ಮೇಲೆ ಹಸಿರು ಬಣ್ಣದ, ಗಿಡ್ಡನೆಯ, ದುಂಡು ಹೊಟ್ಟೆಯ ಉಗಿ ಇಂಜಿನ್ನಿನ ಚಿತ್ರ. ಇಂಗ್ಲೆಂಡಿನ ಯಾವುದೋ ಸಣ್ಣ ಹಾದಿಯಲ್ಲಿ ಒಂದು ಕಾಲಕ್ಕೆ ಓಡುತ್ತಿದ್ದದ್ದು. ಮಾಮಾ ನಿವೃತ್ತನಾದಾಗ ಅಲ್ಲಿಂದ ಬಂದಿದ್ದ ಒಬ್ಬ ಇಂಜಿನಿಯರ್ ಕೊಟ್ಟ ಉಡುಗೊರೆ ಎಂದು ಮಾಮಿ ಹೇಳಿದಳು. "ಆಮ್ಯಾಲ ಕಟ್ಟೋಣ, ಆಮ್ಯಾಲ ಕಟ್ಟೋಣ ಅಂತ ಅಲ್ಲೇ ಇಟ್ಟರು. ಈಗೇನು." ಮಾಮಾ ಕೋಣೆಯೊಳಗಿನಿಂದಲೇ "ಅದನ್ನ ಅಲ್ಲೇ ಇಡು" ಎಂದ. ನಾನು ಇಡುತ್ತೇನೆಯೇ? ಅದೇ ಸಂಜೆ ಊಟದ ಮೇಜಿನ ಮೇಲೆ ಬಿಚ್ಚಿ ಹರಡಿದೆ.

ಒಳಗೆ ಇಂಜಿನ್ ಇರಲೇ ಇಲ್ಲ. ಕಾಗದದಷ್ಟು ತೆಳುವಾದ ಹಿತ್ತಾಳೆಯ ತಗಡುಗಳಿದ್ದವು. ಇಂಜಿನ್ನಿನ ಗೋಡೆ, ನೆಲ, ಕಿಟಕಿ ಎಲ್ಲ ಆ ತಗಡಿನಲ್ಲೇ ಅಂಚು ಕೊರೆದು, ಸಣ್ಣ ಕೊಂಡಿಗಳಲ್ಲಿ ಜೋತುಬಿದ್ದಿದ್ದವು. ಜೊತೆಗೆ ಗಾಲಿಗಳು, ಒಂದು ಪುಟ್ಟ ಮೋಟಾರು, ಕಡೆದು ಮಾಡಿದ ಹಿತ್ತಾಳೆಯ ಚಿಮಣಿ, ನಕ್ಷೆಗಳು. ಕತ್ತರಿಸಿ, ಬಗ್ಗಿಸಿ, ಬೆಸುಗೆ ಹಾಕಿ ಎಲ್ಲವನ್ನೂ ನಾವೇ ಮಾಡಿಕೊಳ್ಳಬೇಕು. ಪೂರಾ ಆದರೆ ಒಂದು ಗೇಣು ಉದ್ದ ಆಗುತ್ತದೆ ಅಷ್ಟೇ. ನಕ್ಷೆಯನ್ನು ತಿರುವಿ ಮುರುವಿ ನೋಡಿ ನಾನು ಕೋಣೆಯ ಕಡೆ ಕೂಗಿದೆ.

"ಮಾಮಾ, ಇದರಾಗ ಸಾಮಾನು ಕಡಿಮಿ ಕೊಟ್ಟಾರ. ಇಂಜಿನ್ ಹಿಂದ ಕಲ್ಲಿದ್ದಲಿನ ಡಬ್ಬಿ ಇರತದಲ್ಲ, ಅದೇ ಇಲ್ಲ."

"ಏ ಹುಚ್ಚಿ," ಎನ್ನುತ್ತ ಮಾಮಾ ಬಾಗಿಲಿಗೆ ಬಂದ. "ಅದು ಟ್ಯಾಂಕ್ ಇಂಜಿನ್. ಅದಕ್ಕ ಹಿಂದ ಡಬ್ಬಿ ಇರೂದಿಲ್ಲ."

"ಮತ್ತ ನೀರು ಎಲ್ಲೆ ತುಂಬತಾರ?"

"ಎರಡೂ ಬಾಜೂಕ ಟ್ಯಾಂಕ್ ಅವ. ಕಲ್ಲಿದ್ದಲಿ ಹಿಂದ, ಸ್ವಲ್ಪ. ದೂರದ ಪ್ರವಾಸಕ್ಕಲ್ಲ ಅದು. ಲೋಂಡಾ ಸ್ಟೇಷನ್ನಿನಾಗ ರೈಲಿನ ಡಬ್ಬಿ ದೂಡತಿದ್ದುವು ಇಂಥಾವು, ಮೀಟರ್ ಗೇಜ್ ಇದ್ದಾಗ. ದೊಡ್ಡ ಇಂಜಿನ್ನಿಗೆ ಮಾರಿ ತಿರುಗಸಲಿಕ್ಕೆ ತಿರುಗೋ ಕಟ್ಟಿ ಬೇಕು. ಇದಕ್ಕ ಬ್ಯಾಡ. ಹಿಂದಕ್ಕೂ ಮುಂದಕ್ಕೂ ಹಂಗ ಓಡತದ."

"ಹ್ಯಾಂಗ? ನನಗ ತಿಳೀಲಿಲ್ಲ."

ಮಾಮಾ ಪೆನ್ಸಿಲ್ ತೆಗೆದುಕೊಂಡ. ಎಡಗೈಯಲ್ಲಿ ತೆಗೆದುಕೊಂಡದ್ದು ಅವನಿಗೇ ಗೊತ್ತಾಗಿರಲಿಲ್ಲ. ಪೆಟ್ಟಿಗೆಯ ರಟ್ಟಿನ ಮೇಲೆ ಒಂದು ಗೆರೆ ಎಳೆದ, ಅದು ಡೊಂಕಾಗಿ ಎತ್ತಲೋ ಹೋಯಿತು. ಅದನ್ನೇ ನೋಡುತ್ತ ನಿಂತ. ಜೀವಮಾನದಲ್ಲಿ ಅಂಥ ಗೆರೆಯನ್ನು ಅವನು ಎಳೆದಿರಲಾರ. ನಾನು ಏನೂ ಕಾಣದವಳಂತೆ, "ಟ್ಯಾಂಕ್ ಎಲ್ಲೆ ಬರತದ ಅದರಾಗ? ಪೂರಾ ತಗಿ, ಅರ್ಧಕ್ಕ ಬಿಟ್ಟರ ನನಗ ನಿದ್ದಿ ಬರೂದಿಲ್ಲ" ಎಂದೆ. ಬೈದುಕೊಳ್ಳುತ್ತಲೇ ಪೂರಾ ತೆಗೆದ.

ಹೀಗೆ ಶುರುವಾಯಿತು. ಗುರುವಾರ ನಮ್ಮ ಕಾರ್ಖಾನೆಗೆ ರಜೆ, ಆ ದಿನ ಬೆಳಗಿನಿಂದ. ಉಳಿದ ದಿನ ಆಕುರ್ಡಿಯಲ್ಲಿ ಲೋಕಲ್ ಇಳಿದು, ಮಳೆಯಲ್ಲಿ ಅರ್ಧ ತೊಯ್ದು ಮನೆ ಮುಟ್ಟುವ ಹೊತ್ತಿಗೆ ಮಾಮಾ ಮೇಜಿನ ಮುಂದೆ ಕೂತೇ ಇರುತ್ತಿದ್ದ. ಆ ವರ್ಷ ಮಳೆ ಹಿಡಿದರೆ ಬಿಡದಂತೆ ಹಿಡಿಯಿತು. ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗಳು ಒಣಗಲಾರದೆ ಒಳಗೆ ಬಂದು ಕುರ್ಚಿಗಳ ಮೇಲೆ ಕೂತವು. ನಾವಿಬ್ಬರೂ ಅವುಗಳ ನಡುವೆ ಜಾಗ ಮಾಡಿಕೊಂಡು ಕೂರುತ್ತಿದ್ದೆವು. ನಾನು ಚಿಮಟದಲ್ಲಿ ತುಂಡುಗಳನ್ನು ಹಿಡಿದುಕೊಳ್ಳುವುದು, ಮಾಮಾ ಎಡಗೈಯಲ್ಲಿ ಬೆಸುಗೆ ಹಾಕುವುದು. ತಗಡು ಅಲುಗದಂತೆ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಅದರ ಮೇಲಿಡುತ್ತಿದ್ದ. "ಪೇಪರ್‌ವೇಟ್," ಎನ್ನುತ್ತಿದ್ದ. "ಭಾರ ಛೊಲೋ ಅದ." ಮೊದಲ ಸಲ ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಆಮೇಲೆ ನಾನೇ "ಪೇಪರ್‌ವೇಟ್ ಸ್ವಲ್ಪ ಈ ಕಡೆ ಸರಿಸು ಮಾಮಾ" ಎನ್ನತೊಡಗಿದೆ.

ತಗಡಿನ ಹಿಂಬದಿಯಲ್ಲಿ ಸೂಜಿಮೊನೆಯಷ್ಟು ಚುಕ್ಕೆಗಳಿದ್ದವು. ಒಂದೊಂದರ ಮೇಲೂ ಸೂಜಿಯಿಟ್ಟು ಮೆಲ್ಲಗೆ ತಟ್ಟಿದರೆ ಮುಂಬದಿಯಲ್ಲಿ ಒಂದೊಂದು ರಿವೆಟ್ ಏಳುತ್ತದೆ, ನಿಜವಾದ ಇಂಜಿನ್ನಿನ ಮೇಲಿದ್ದ ಹಾಗೆಯೇ. ಅಷ್ಟು ಸಣ್ಣದರಲ್ಲಿ ರಿವೆಟ್ ಯಾರು ನೋಡುತ್ತಾರೆ ಎಂದು ಕೇಳಿದೆ. "ನೀ ನೋಡಲಿಕ್ಕತ್ತೀಯಲ್ಲ" ಎಂದ ಮಾಮಾ. ಸೂಜಿಯನ್ನು ನಾನು ಹಿಡಿದೆ, ತಟ್ಟಿದ್ದೆಲ್ಲ ಅವನ ಎಡಗೈ. ಈಗಲೂ ಹತ್ತಿರದಿಂದ ನೋಡಿದರೆ ಒಂದು ಪಕ್ಕದ ಟ್ಯಾಂಕಿನ ರಿವೆಟ್‌ಗಳು ಕುಡಿದವನ ನಡಿಗೆಯಂತಿವೆ, ಇನ್ನೊಂದು ಪಕ್ಕದವು ಸಾಲು ಹಿಡಿದಿವೆ. ಎಡಗೈ ಕಲಿತದ್ದು ಆ ಎರಡು ಟ್ಯಾಂಕುಗಳ ನಡುವೆ. ಫಿಸಿಯೋದ ಹುಡುಗಿ ಬಂದವಳು ಬಾಗಿ ನೋಡಿ, ಚೆಂಡನ್ನು ತನ್ನ ಚೀಲಕ್ಕೆ ಹಾಕಿಕೊಂಡು "ಕಾಕಾ, ಹೇಚ್ ಕರಾ" ಎಂದಳು. ಇದನ್ನೇ ಮಾಡಿ ಅಂತ.

ಗಾಲಿಗಳ ಮೇಲೆ ಚೌಕಟ್ಟು ಕೂರಿಸಿ ಮೋಟಾರು ಹಚ್ಚಿದಾಗ ಅದು ಒಂದು ಸಲ ಸೊಂಯ್ ಎಂದು, ಗಾಲಿ ಅರ್ಧ ತಿರುಗಿ ನಿಂತುಬಿಟ್ಟಿತು. ಅಳತೆಯೆಲ್ಲ ನೋಡಿದೆ, ಎಲ್ಲ ಸರಿ. ಹಾಗಾದರೆ ಯಾಕೆ ನಿಂತಿತು? ನಕ್ಷೆಯನ್ನು ಹತ್ತಾರು ಸಲ ನೋಡಿದ ಮೇಲೆ ಮಾಮಾ ಕಂಡುಹಿಡಿದ. ಗಾಲಿಗಳನ್ನು ಕೂಡಿಸುವ ಸರಳು ಎರಡೂ ಪಕ್ಕ ಒಂದೇ ಕೋನದಲ್ಲಿರಬಾರದು, ಕಾಲು ಸುತ್ತಿನಷ್ಟು ಹಿಂದುಮುಂದಿರಬೇಕು. "ಒಂದು ಬಾಜೂ ಎಳೀಲಿಕ್ಕೆ ಬಾರದ ಸತ್ತ ಜಾಗಾಕ್ಕ ಬಂದಾಗ ಇನ್ನೊಂದು ಬಾಜೂ ಎಳೀಬೇಕು. ಅಂದ್ರ ನಿಲ್ಲೂದಿಲ್ಲ" ಎಂದು ವಿವರಿಸಿದ. ಹೇಳಿದವನಿಗೆ ಹೊಳೆಯಿತೋ ಇಲ್ಲವೋ, ನನಗೆ ಹೊಳೆಯಿತು. ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡು ಕೂತೆ. ಗಾಲಿ ಬಿಚ್ಚಿ ಮತ್ತೆ ಕೂರಿಸಿದೆವು. ಅಡುಗೆಮನೆಯ ಕಟ್ಟೆಯ ಮೇಲೆ ಹಾಸಿದ ತೋಳುದ್ದದ ಹಳಿಯ ಮೇಲೆ, ಮೈಯಿಲ್ಲದ ಆ ಚೌಕಟ್ಟು ಮುಂದೆ ಹೋಯಿತು, ಹಿಂದೆ ಬಂತು. ಮಾಮಿ ಲಟ್ಟಣಿಗೆ ಹಿಡಿದುಕೊಂಡೇ ನೋಡಿ, "ಬರೇ ಕಾಲೇ ಓಡಲಿಕ್ಕತ್ತಾವಲ್ಲ" ಎಂದಳು.

ಆದರೆ ಊಟದ ಹೊತ್ತಿಗೆ ಆ ಬಾಗಿಲು ಮುಚ್ಚಿಕೊಳ್ಳುತ್ತಲೇ ಇತ್ತು. ಬೆಸುಗೆ ಹಾಕುವ ಕೈ ತುತ್ತು ಎತ್ತಲು ನಾಚುವುದೇಕೆ ಎಂದು ನನಗೆ ಅರ್ಥವಾಗುತ್ತಿರಲಿಲ್ಲ. ಹೇಗಿರುತ್ತದೆ ನೋಡೋಣವೆಂದು ಒಂದು ದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಲ್ಲಿ ಅನ್ನ ಕಲಸಿದೆ. ಅನ್ನ ಉದುರಿತು, ಸಾರು ಮೊಣಕೈಗೆ ಇಳಿಯಿತು. ಅದು ದೊಡ್ಡದಲ್ಲ. ಎದುರಿಗೆ ಕೂತಿದ್ದ ಹೆಂಗಸು ನನ್ನ ಕೈ ನೋಡಿ, ಮುಖ ನೋಡಿ, ತನ್ನ ತಾಟನ್ನು ಸ್ವಲ್ಪ ಆಚೆ ಎಳೆದುಕೊಂಡಳು. ಒಂದೇ ಬೆರಳಿನಷ್ಟು ದೂರ. ಆ ಬೆರಳಷ್ಟು ದೂರಕ್ಕೆ ನನ್ನ ಮುಖ ಬಿಸಿಯಾಯಿತು. ಮಾಮಾ ಬಾಗಿಲು ಹಾಕಿಕೊಳ್ಳುವುದು ಯಾಕೆಂದು ಮತ್ತೆ ಯಾರನ್ನೂ ಕೇಳಬೇಕಾಗಲಿಲ್ಲ.

ಬೆಸುಗೆ ಹಾಕಿದಲ್ಲೆಲ್ಲ ಕಪ್ಪು ಜಿಗುಟು ಕೂತು ಮುಂದಿನ ಬೆಸುಗೆ ಹಿಡಿಯದಾಯಿತು. ತೊಳೆಯಲು ಯಾವುದೋ ದ್ರಾವಣ ತರಬೇಕೆಂದು ನಾವು ಚರ್ಚೆ ಮಾಡುತ್ತಿದ್ದರೆ ಮಾಮಿ, "ಹಿತ್ತಾಳಿ ಅಲ್ಲೇನು? ಹುಣಸಿಹಣ್ಣು ಹಾಕ್ರಿ" ಎಂದು ಒಂದು ಬೋಗುಣಿ ಮುಂದಿಟ್ಟಳು. ಇಂಜಿನ್ನಿನ ಮೈ ಬಂಗಾರದಂತೆ ಹೊಳೆಯಿತು. ಅಂದಿನಿಂದ ಅದೇ ಪದ್ಧತಿಯಾಯಿತು. ಸಂಜೆಯ ಕೆಲಸ ಮುಗಿದ ಮೇಲೆ ತುಂಡುಗಳು ಹುಣಸೆನೀರಿಗೆ, ಬೆಳಿಗ್ಗೆ ಮಾಮಿ ತೊಳೆದು ಬಟ್ಟೆಯ ಮೇಲೆ ಒಣಗಿಸುವುದು.

ಶ್ರಾವಣದ ಹಿಂದಿನ ದಿನ ಮಾಮಿ ದೇವರುಗಳನ್ನೂ ತಿಕ್ಕಲು ತೆಗೆದಳು. ಕಟ್ಟೆಯ ಮೇಲೆ ಎರಡು ಬೋಗುಣಿ, ಒಂದರಲ್ಲಿ ದೇವರುಗಳು, ಇನ್ನೊಂದರಲ್ಲಿ ಇಂಜಿನ್. ಮರುದಿನ ಸಂಜೆ ನೋಡಿದರೆ ಗುಮ್ಮಟ ಇರಲಿಲ್ಲ.

ಗುಮ್ಮಟವೆಂದರೆ ಇಂಜಿನ್ನಿನ ಬೆನ್ನಿನ ಮೇಲೆ ಕೂರುವ ದುಂಡನೆಯ ಟೋಪಿ. ಕಡೆದು ಮಾಡಿದ ಹಿತ್ತಾಳೆ, ಹೆಬ್ಬೆರಳಿನ ತುದಿಯಷ್ಟು. ಅದು ಯಾಕಿರುತ್ತದೆಂದು ನಾನು ಮೊದಲೇ ಕೇಳಿ ತಿಳಿದಿದ್ದೆ. ಬಾಯ್ಲರಿನೊಳಗೆ ನೀರು ಕುದಿದು ಹಬೆ ಮೇಲೆ ಸೇರುತ್ತದೆ. ಎಲ್ಲಕ್ಕಿಂತ ಮೇಲೆ, ನೀರಿನಿಂದ ದೂರ, ಒಣ ಹಬೆ ಸಿಗುವ ಜಾಗ ಅದು. ಅಲ್ಲಿಂದಲೇ ಹಬೆ ಗಾಲಿಗಳ ಕಡೆ ಹೋಗುವುದು. ಮೇಜಿನ ಕೆಳಗೆ, ಕುರ್ಚಿಗಳ ಕೆಳಗೆ, ಒಣಗದ ಬಟ್ಟೆಗಳ ಮಡಿಕೆಯೊಳಗೆ ಹುಡುಕಿದೆವು. ಬಚ್ಚಲ ಕೊಳವೆ ಬಿಚ್ಚಿದೆ. ಕಸದ ಡಬ್ಬಿಯನ್ನು ಪೇಪರಿನ ಮೇಲೆ ಸುರಿದು ಕೈಯಾಡಿಸಿದೆ. ಬೋಗುಣಿಯ ತಳವನ್ನಂತೂ ದಿನಾ ತಡಕುತ್ತಿದ್ದೆ, ಇಲ್ಲದ್ದು ಇವತ್ತು ಇದ್ದೀತು ಎನ್ನುವಂತೆ. ಮಾಮಿಯೂ ಪಾಪ ಅಕ್ಕಿಡಬ್ಬಿ, ಬೇಳೆಡಬ್ಬಿ ಎಲ್ಲ ಸೋಸಿ ನೋಡಿದಳು.

"ಗುಮ್ಮಟಾ ಇಲ್ಲಂದ್ರ ಅದು ಇಂಜಿನ್ ಅಲ್ಲ, ಡಬ್ಬಿ" ಎಂದು ಮಾಮಾ ಎಲ್ಲವನ್ನೂ ಪೆಟ್ಟಿಗೆಗೆ ಹಾಕಿ ಮುಚ್ಚಿದ. ನಮ್ಮ ಕಾರ್ಖಾನೆಯ ಲೇತಿನ ಮೇಲೆ ಇನ್ನೊಂದು ಮಾಡಿಸಿಕೊಂಡು ಬರುತ್ತೇನೆ, ಒಂದು ನಕ್ಷೆ ತೆಗೆದುಕೊಡು ಎಂದೆ. "ಕೈ ಇಲ್ಲದವಗ ಇದೆಲ್ಲಾ ಯಾಕ? ನನ್ನನ್ನ ಬಿಟ್ಟುಬಿಡು" ಎಂದ. ಅವನ ತಾಟು ಮತ್ತೆ ತುಂಬಿದ್ದು ತುಂಬಿದಂತೆ ಹೊರಗೆ ಬರತೊಡಗಿತು. ಹೊರಗೆ ಮಳೆ ಹೊಯ್ಯುತ್ತಿದ್ದರೆ ಒಳಗೆ ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಇರುತ್ತಿದ್ದೆವು. ನನಗೆ ಆ ದಿನಗಳಲ್ಲಿ ಭಯವಾಗುತ್ತಿತ್ತು. ಅವ್ವ ಫೋನಿನಲ್ಲಿ ಕೇಳಿದರೆ "ಛೊಲೋ ಇದ್ದಾನ" ಎನ್ನುತ್ತಿದ್ದೆ. ಮಾಮಿಯ ಪೂಜೆ ಮಾತ್ರ ದಿನದಿನಕ್ಕೆ ಉದ್ದವಾಯಿತು. ನಾನು ಬೆಳಗಿನ ಪಾಳಿಗೆ ಹೊರಡುವಾಗ ಮಂಟಪದ ಮುಂದೆ ಕೂತಿದ್ದವಳ ಬೆನ್ನಷ್ಟೇ ಕಾಣುತ್ತಿತ್ತು.

ಗಣೇಶ ಚೌತಿ ಬಂತು. ಪುಣೆಯಲ್ಲಿ ಚೌತಿಯನ್ನು ಬಿಟ್ಟು ಬದುಕುವುದು ಆಗದ ಮಾತು. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನಲ್ಲಿ ಬೆಳಿಗ್ಗೆಯಿಂದಲೇ ಢೋಲು. ಮನೆಗೆ ಮಣ್ಣಿನ ಗಣಪತಿ ಬಂದ. ಪೂಜೆಗೆ ಕೂಡಲು ಮಾಮಾ ಒಪ್ಪಲಿಲ್ಲ, ಆದರೆ ಹಬ್ಬದ ದಿನ ಒಳಗೆ ಕೂತರೆ ಚೆನ್ನಾಗಿರುವುದಿಲ್ಲವೆಂದು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡ. ಮೊಬೈಲಿನಲ್ಲಿ ಮಂತ್ರ ಹಚ್ಚಿ ಮಾಮಿಯೇ ಪೂಜೆ ಮಾಡಿದಳು. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ. ಆರತಿಯ ಬೆಳಕು ಮಂಟಪದ ಒಳಗೆ ಬಿತ್ತು.

"ಆ ಲಿಂಗಾ ಯಾವುದು?" ಎಂದ ಮಾಮಾ.

ಮಾಮಿ ತಿರುಗಿ ನೋಡಿದಳು. "ನಿಮ್ಮನಿದೇ ಅಲ್ಲೇನ್ರಿ? ನಿಮ್ಮ ಅವ್ವನ ದೇವರೊಳಗಿಂದು."

"ನಮ್ಮ ದೇವರೊಳಗ ಲಿಂಗಾ ಒಂದೇ. ಅದು ಕಲ್ಲಿಂದು. ಹಿತ್ತಾಳಿದು ಎಲ್ಲಿಂದ ಬಂತು?"

ನಾನೂ ಬಗ್ಗಿ ನೋಡಿದೆ. ಒಂದು ಸಣ್ಣ ಬಟ್ಟಲಿನಲ್ಲಿ ಅಕ್ಕಿಯ ಮೇಲೆ, ಮೂರು ಗೆರೆ ವಿಭೂತಿ ಹಚ್ಚಿಸಿಕೊಂಡು, ತಲೆಯ ಮೇಲೆ ಬಿಲ್ವಪತ್ರೆ ಹೊತ್ತು, ನಮ್ಮ ಗುಮ್ಮಟ ಕೂತಿತ್ತು.

ಮಾಮಾ ನಗತೊಡಗಿದ. ಆ ಮಳೆಗಾಲದಲ್ಲಿ ಅವನು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕುರ್ಚಿಯ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. "ಏ ಇವಳ, ಇಂಜಿನ್ನಿನ ಗುಮ್ಮಟಾಕ್ಕ ರುದ್ರಾಭಿಷೇಕ ಮಾಡೀಯೇನ?" ಮಾಮಿಗೆ ಮೊದಲು ಅರ್ಥವಾಗಲಿಲ್ಲ. ಎರಡು ಬೋಗುಣಿಗಳ ಕಥೆಯನ್ನು ನಾನೇ ಹೇಳಬೇಕಾಯಿತು. ಕೇಳಿ ಅವಳು ಹಾಗೇ ಮಣೆಯ ಮೇಲೆ ಕೂತುಬಿಟ್ಟಳು.

"ಶ್ರಾವಣದಾಗಿಂದ ದಿನಾ ಅದಕ್ಕ ನೀರು ಹಾಕೀನಿ," ಎಂದಳು. "ನೆಟ್ಟಗ ಕೂಡತಿದ್ದಿಲ್ಲ, ಅಲುಗಾಡತಿತ್ತು, ಅಂತ ಅಕ್ಕಿ ಹಾಕಿ ಕೂಡಸೀನಿ. ನಿಮ್ಮ ದೇವರು ಎಷ್ಟು, ಯಾವ ಯಾವುವು, ನನಗೇನು ಗೊತ್ತು? ಕೇಳೋಣಂದ್ರ ದೇವರ ಮಾತು ತಗದ್ರ ನೀವು ಮಾರಿ ತಿರುಗಸ್ತಿದ್ರಿ. ಇದು ಸಣ್ಣದು, ನನ್ನ ಮಾತು ಕೇಳೀತು ಅನಸ್ತು. ಇವರ ಕೈ ಬರಲಿ, ಇವರು ಹೊಟ್ಟಿ ತುಂಬ ಉಣ್ಣಲಿ ಅಂತ ದಿನಾ ಅದನ್ನೇ ಕೇಳೀನಿ."

ಮಾಮಾನ ನಗು ನಿಂತಿತು. ಮಂತ್ರ ಹೇಳುತ್ತಲೇ ಇದ್ದ ಮೊಬೈಲನ್ನು ನಾನು ಆರಿಸಿದೆ.

ಮಾಮಾ, "ಇರಲಿ ಬಿಡು. ಅಲ್ಲೇ ಇರಲಿ. ಪೂಜಾ ಆದದ್ದನ್ನ ತಂದು ಇಂಜಿನ್ನಿಗೆ ಹಚ್ಚಬಾರದು" ಎಂದ. ಆ ಸಂಜೆ ನನ್ನನ್ನು ಕರೆದು ಕಾಗದ ಬೇಕೆಂದ. ಪೆಟ್ಟಿಗೆಯೊಳಗಿನ ನಕ್ಷೆ ನೋಡಿ ಗುಮ್ಮಟದ ಚಿತ್ರ ತೆಗೆದ, ಲೇತಿನವನಿಗೆ ಬೇಕಾದ ಅಳತೆಗಳನ್ನೆಲ್ಲ ಬರೆದ. ಅಕ್ಷರಗಳು ಒಂದನೇ ಇಯತ್ತೆಯ ಕೂಸು ಬರೆದಂತಿದ್ದವು. ಗೆರೆ ಮಾತ್ರ ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಗಿತ್ತು. ಹಬ್ಬದ ರಜೆ ಮುಗಿದ ಮೇಲೆ ಕಾರ್ಖಾನೆಗೆ ಒಯ್ಯೋಣವೆಂದು ಅದನ್ನು ಮೇಜಿನ ಮೇಲೆ ಇಟ್ಟೆ.

ಮರುದಿನ ಮೇಜು ಒರೆಸುತ್ತಿದ್ದ ಮಾಮಿ ಕಾಗದ ಎತ್ತಿ ನೋಡಿದಳು. "ಇದು ಯಾರು ತಗದದ್ದು?"

"ಮಾಮಾ. ಎಡಗೈಲೆ. ನಿನ್ನ ದೇವರು ನಿನಗಿರಲಿ ಅಂತ, ಇಂಜಿನ್ನಿಗೆ ಬ್ಯಾರೆ ಗುಮ್ಮಟಾ ಮಾಡಸಲಿಕ್ಕೆ ಹೇಳ್ಯಾನ."

ಅವಳು ಆ ಕಾಗದವನ್ನು ಕೆಳಗಿಡಲಿಲ್ಲ. "ಇದರೊಳಗ ಖರೇನ ಏನಿರತದ?" ಎಂದು ಕೇಳಿದಳು. ಯಾಕೆ, ಹೇಗೆ ಎಂದು ಕೇಳುವ ನನ್ನ ರೋಗ ಅವಳಿಗೂ ಹತ್ತಿತೇ ಎಂದು ಖುಷಿಯಾಗಿ ಹಬೆಯ ವಿಷಯವನ್ನೆಲ್ಲ ಹೇಳಿದೆ. ಕೇಳಿ, "ಅಂದ್ರ ಇಂಜಿನ್ನಿನ ಗರ್ಭಗುಡಿ ಅನ್ನು. ನಾನೇನು ಭಾಳ ತಪ್ಪು ಮಾಡಿಲ್ಲ" ಎಂದಳು.

ನಮ್ಮ ಗಣಪತಿ ಐದನೆಯ ದಿನ ಹೋಗುವವನು. ಆ ದಿನ ಮಧ್ಯಾಹ್ನ ಮಾಮಿ ಗಣಪತಿಯ ಪಕ್ಕಕ್ಕೆ ಗುಮ್ಮಟದ ಬಟ್ಟಲನ್ನೂ ತಂದಿಟ್ಟಳು. ಬಾಗಿಲಲ್ಲಿ ಕೂತಿದ್ದ ಮಾಮಾ, "ಇದ್ಯಾಕ? ಇರಲಿ ಅಂದಿದ್ದೆನಲ್ಲ" ಎಂದ.

"ಮಣ್ಣಿನ ಗಣಪತಿ ಐದು ದಿನಾ ದೇವರಾಗಿ ತಿರುಗಿ ಮಣ್ಣಾಗತಾನ. ಇದೂ ಇಷ್ಟು ದಿನಾ ದೇವರಾತು, ಇನ್ನ ತಿರುಗಿ ಇಂಜಿನ್ ಆಗಲಿ," ಎಂದಳು. "ಕಳಸೋ ಪದ್ಧತಿ ನನಗ ಗೊತ್ತದ."

ಮೊಸರವಲಕ್ಕಿ ನೈವೇದ್ಯವಾಯಿತು. ಇಬ್ಬರ ಮೇಲೂ ಅಕ್ಷತೆ ಹಾಕಿ, ಹೋಗಿ ಬಾ ಎಂದು ಗಣಪತಿಯನ್ನು ಕೂತಲ್ಲೇ ಒಂದಿಷ್ಟು ಸರಿಸಿದಳು. ಹಾಗೆ ಸರಿಸಿದರೆ ಒಳಗಿದ್ದ ದೇವರು ಹೊರಟ ಎಂದು ಲೆಕ್ಕ. ಅದೇ ಬೆರಳಿನಿಂದ ಗುಮ್ಮಟವನ್ನೂ ಸರಿಸಿದಳು. ಅಕ್ಕಿಯ ಮೇಲೆ ಅದು ಒಂದು ಪಕ್ಕಕ್ಕೆ ವಾಲಿತು. ಬಾಯ್ಲರಿನ ದುಂಡು ಬೆನ್ನಿಗೆ ಹೊಂದಲೆಂದು ಅದರ ತಳ ಬಾಗಿತ್ತು. ಇಷ್ಟು ದಿನ ಅಲುಗಾಡಿದ್ದು ಅದಕ್ಕೇ.

ಆಮೇಲೆ ತೀರ್ಥ. ನಾನು ಅಂಗೈ ಒಡ್ಡಿ ತೆಗೆದುಕೊಂಡೆ. ಮಾಮಿ ತೀರ್ಥದ ಬಟ್ಟಲು ಹಿಡಿದು ಮಾಮಾನ ಮುಂದೆ ಹೋಗಿ ನಿಂತಳು. ಹೋಳಿಯಾದಾಗಿನಿಂದ ಅವನು ತೀರ್ಥ ತೆಗೆದುಕೊಂಡಿರಲಿಲ್ಲ.

"ಹಿಡೀರಿ," ಎಂದಳು.

"ಯಾವ ಕೈ ಹಿಡೀಲಿ?"

"ಇಂಜಿನ್ ಕಟ್ಟಿದ ಕೈ."

ಮಾಮಾ ಅವಳ ಮುಖ ನೋಡಿದ. ಅವಳು ಬಟ್ಟಲು ಹಿಡಿದುಕೊಂಡೇ ನಿಂತಿದ್ದಳು, ಸರಿಯಲಿಲ್ಲ. ಎಡಗೈ ಮೆಲ್ಲಗೆ ಮೇಲೆದ್ದಿತು. ಮಾಮಿ ಆ ಅಂಗೈಗೆ ತೀರ್ಥ ಹಾಕಿದಳು. ಅವನು ಕುಡಿದ. ಕೈ ಒದ್ದೆಯಿದ್ದಾಗಲೇ ಗುಮ್ಮಟವನ್ನು ಒರೆಸಿ ಅದರಲ್ಲಿಟ್ಟಳು. ನಾನು ಆರತಿ ತಟ್ಟೆ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟೆ. ಗುಮ್ಮಟವನ್ನು ಬೆಸೆದದ್ದು ಆ ಸಂಜೆ, ಹಸಿರು ಬಣ್ಣ ಬಳಿದದ್ದು ನವರಾತ್ರಿಯಲ್ಲಿ. ಅವೆಲ್ಲ ಸುಲಭದ ಕೆಲಸಗಳು.

ಗಣಪತಿಯನ್ನು ಸೊಸೈಟಿಯ ನೀರಿನ ಹೌದಿನಲ್ಲಿ ಬಿಟ್ಟು ಬಂದು ಕೈಕಾಲು ತೊಳೆದೆ. ಮಾಮಿ ರೂಢಿಯಂತೆ ಒಂದು ತಾಟಿಗೆ ಬಡಿಸಿ ಕೋಣೆಯ ಕಡೆ ಹೊರಟಳು. ಮಾಮಾ ಆಗಲೇ ಮೇಜಿನ ಮುಂದೆ ಕೂತಿದ್ದ. ಬೆಸುಗೆಯ ಸಾಮಾನನ್ನೆಲ್ಲ ಒಂದು ಪಕ್ಕಕ್ಕೆ ಸರಿಸಿ ತನ್ನ ಮುಂದೆ ಜಾಗ ಮಾಡಿಕೊಂಡಿದ್ದ.

"ಇಲ್ಲೇ ಇಡು" ಎಂದ.

ಮಾಮಿ ಇಟ್ಟಳು. ನಾನೂ ನನ್ನ ತಾಟು ತೆಗೆದುಕೊಂಡು ಅವನ ಪಕ್ಕಕ್ಕೆ, ಮೊಣಕೈ ತಗಲುವಷ್ಟು ಹತ್ತಿರ ಕೂತೆ. ಅವನು ಎಡಗೈಯಿಂದ ಅನ್ನ ಸಾರು ಕಲಸಿದ. ಮೊದಲ ತುತ್ತಿನಿಂದ ನಾಲ್ಕು ಅಗಳು ಮೇಜಿನ ಮೇಲೆ ಬಿದ್ದವು. ನೋಡಲು ಆಗುವುದಿಲ್ಲ ಎಂದಿದ್ದ ಮಾಮಿ ಎದುರಿಗೇ ನಿಂತು ನೋಡುತ್ತಿದ್ದಳು. ಅವನು ತಲೆ ಎತ್ತದೆ ಉಂಡ, ರಿವೆಟ್ ತಟ್ಟುವಾಗ ಇರುತ್ತಿದ್ದಷ್ಟೇ ಗಮನದಿಂದ. ತಾಟು ಖಾಲಿಯಾಯಿತು.

"ಸಾರು ಇನ್ನೂ ಅದೇನು?" ಎಂದು ಕೇಳಿದ.

ಮಾಮಿ ಸಾರಿನ ಪಾತ್ರೆಯನ್ನೇ ಎತ್ತಿಕೊಂಡು ಬಂದು ಅವನ ಮುಂದಿಟ್ಟಳು.